ಒಂದು ರಸ್ತೆ, ಏಳು ಸಂಸ್ಥೆಗಳು

ಬೆಂಗಳೂರಿನ ಯಾವುದಾದರೂ ಬೀದಿಯ ಅಂಚಿನಲ್ಲಿ ನಿಂತು ನೋಡಿದರೆ ನಮ್ಮ ಕಣ್ಣಿಗೆ ಬೀಳುವುದು ಡಾಂಬರು ಮಾತ್ರ. ಆದರೆ ಆ ಡಾಂಬರಿನ ಅಡಿಯಲ್ಲಿ ಕುಡಿಯುವ ನೀರಿನ ಕೊಳವೆಯಿದೆ, ಒಳಚರಂಡಿಯಿದೆ, ವಿದ್ಯುತ್ತಿನ ಹಾಗೂ ದೂರವಾಣಿಯ ತಂತಿಗಳಿವೆ. ಮೇಲೆ ಬಸ್ಸು ಓಡುತ್ತದೆ. ತಿರುವಿನಲ್ಲಿ ಪೊಲೀಸಿನವರು ನಿಂತಿರುತ್ತಾರೆ. ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ಯಜಮಾನನಿದ್ದಾನೆ. ರಸ್ತೆ ನಗರಪಾಲಿಕೆಗೆ ಸೇರಿದುದು. ನೀರು ಮತ್ತು ಒಳಚರಂಡಿ 1964ರಲ್ಲಿ ಸ್ಥಾಪಿತವಾದ ಜಲಮಂಡಳಿಯವು. ಹೊಸ ಬಡಾವಣೆಗಳನ್ನು ರಚಿಸುವುದು 1976ರಲ್ಲಿ ಜನ್ಮ ತಾಳಿದ ಅಭಿವೃದ್ಧಿ ಪ್ರಾಧಿಕಾರದ ಹೊಣೆ. ಒಬ್ಬರು ಹಾಕಿದ ಡಾಂಬರಿನ ಬಿಸಿ ಆರುವ ಮೊದಲೇ ಮತ್ತೊಬ್ಬರು ಗುದ್ದಲಿ ಹಿಡಿದು ಬರುವ ದೃಶ್ಯವನ್ನು ಕಾಣದ ನಗರವಾಸಿ ವಿರಳ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ತಂತಮ್ಮ ಕೆಲಸವನ್ನು ನಿಯಮದಂತೆ ಮಾಡುವ ಏಳು ಮಂದಿ ಪರಸ್ಪರ ಮಾತನಾಡದಿದ್ದರೆ ಆಗುವುದೇ ಹೀಗೆ.

ಇಂತಹ ಪ್ರತ್ಯೇಕತೆ ಬೆಂಗಳೂರಿಗೆ ಹೊಸದಲ್ಲ. 1949ರವರೆಗೆ ಪೇಟೆಗೆ ಒಂದು, ದಂಡಿಗೆ ಇನ್ನೊಂದು ಎಂದು ಎರಡು ಪುರಸಭೆಗಳೇ ಇದ್ದವು. ಆದರೆ ಊರು ಚಿಕ್ಕದಾಗಿದ್ದಾಗ ಸಹಿಸಬಹುದಾದ ಅವ್ಯವಸ್ಥೆ ಊರು ಬೆಳೆದಾಗ ಸಹಿಸಲಾಗದು. 1991ರ ಜನಗಣತಿಯಲ್ಲಿ ಸುಮಾರು 41 ಲಕ್ಷವಿದ್ದ ಜನಸಂಖ್ಯೆ 2001ರ ವೇಳೆಗೆ 57 ಲಕ್ಷದ ಹತ್ತಿರಕ್ಕೆ ಬಂದಿತು.

ಈ ನಡುವೆ ಒಂದು ವಿಚಿತ್ರ ಪರೀಕ್ಷೆ ನಡೆಯಿತು. ಸ್ಯಾಮ್ಯುಯಲ್ ಪಾಲ್ ಎಂಬ ವಿದ್ವಾಂಸರು ನಗರದ ಜನರನ್ನು ಕಂಡು, ಸಾರ್ವಜನಿಕ ಸಂಸ್ಥೆಗಳ ಸೇವೆ ನಿಮಗೆ ತೃಪ್ತಿ ತಂದಿದೆಯೇ ಎಂದು ಕೇಳಿಸಿ, ಉತ್ತರಗಳನ್ನು 1994ರಲ್ಲಿ ಅಂಕಪಟ್ಟಿಯ ರೂಪದಲ್ಲಿ ಪ್ರಕಟಿಸಿದರು. ಬಾಳೆಲ್ಲ ಪರರಿಗೆ ಅಂಕ ಹಾಕುತ್ತ ಕಳೆದ ನನ್ನಂಥ ಉಪಾಧ್ಯಾಯನಿಗೆ ಈ ಉಪಾಯ ಬಹಳ ಹಿಡಿಸಿತು. ಅಂಕಗಳು ಮಾತ್ರ ಶೋಚನೀಯವಾಗಿದ್ದವು: ಅಭಿವೃದ್ಧಿ ಪ್ರಾಧಿಕಾರದ ಸೇವೆಯಿಂದ ತೃಪ್ತರಾದವರು ನೂರಕ್ಕೆ ಒಬ್ಬರು! ಪಾಲ್ ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1999ರಲ್ಲಿ ಎರಡನೆಯ ಪಟ್ಟಿಯನ್ನು ಸಿದ್ಧಪಡಿಸಿತು. ಸ್ವಲ್ಪ ಸುಧಾರಣೆ ಕಂಡಿತ್ತು, ಆದರೆ ಉತ್ತೀರ್ಣರಾಗುವಷ್ಟಲ್ಲ.

ಅದೇ ವರ್ಷ ಮುಖ್ಯಮಂತ್ರಿಗಳಾದ ಎಸ್. ಎಂ. ಕೃಷ್ಣ ಅವರು ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಕಾರ್ಯಪಡೆಯನ್ನು ರಚಿಸಿದರು. ಇನ್ಫೋಸಿಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ಇದರ ಅಧ್ಯಕ್ಷರು. ಸ್ಯಾಮ್ಯುಯಲ್ ಪಾಲ್ ಅವರೂ ಸದಸ್ಯರಲ್ಲೊಬ್ಬರು. ನಗರಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಜಲಮಂಡಳಿ, ವಿದ್ಯುತ್ ಸಂಸ್ಥೆ, ಸಾರಿಗೆ ಸಂಸ್ಥೆ, ದೂರವಾಣಿ, ಪೊಲೀಸ್ ಎಂಬ ಏಳು ಸಂಸ್ಥೆಗಳೊಡನೆ ಕಾರ್ಯಪಡೆ ಕೆಲಸ ಮಾಡಬೇಕಾಗಿತ್ತು. ಅದಕ್ಕೆ ಯಾರನ್ನೂ ದಂಡಿಸುವ ಅಧಿಕಾರವಿರಲಿಲ್ಲ. ಅದು ಅವಲಂಬಿಸಿದ್ದು ಮನುಷ್ಯಸಹಜವಾದ ಒಂದು ಗುಣವನ್ನು. ಅದನ್ನು ಲಜ್ಜೆಯೆನ್ನಬಹುದು, ಅಭಿಮಾನವೆನ್ನಲೂಬಹುದು. ಸುಮಾರು ಆರು ತಿಂಗಳಿಗೊಮ್ಮೆ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಬಹಿರಂಗ ಸಮಾವೇಶ ಸೇರುತ್ತಿತ್ತು. ಅಲ್ಲಿ ಪ್ರತಿಯೊಂದು ಸಂಸ್ಥೆಯ ಮುಖ್ಯಸ್ಥರೂ ಮುಂದಿನ ಅವಧಿಯಲ್ಲಿ ತಾವು ಸಾಧಿಸಲಿರುವುದು ಏನೆಂದು ನಾಗರಿಕರ ಹಾಗೂ ಪತ್ರಕರ್ತರ ಎದುರಿನಲ್ಲಿ ಹೇಳಬೇಕು. ಮುಂದಿನ ಸಮಾವೇಶದಲ್ಲಿ ಅದರ ಲೆಕ್ಕವನ್ನು ಒಪ್ಪಿಸಬೇಕು. ಕಡತದೊಳಗೆ ಬರೆದ ಗುರಿಯನ್ನು ಮರೆಯುವುದು ಸುಲಭ. ಸಭೆಯಲ್ಲಿ ಆಡಿದ ಮಾತನ್ನು, ಅದೂ ಪಕ್ಕದ ಕುರ್ಚಿಯಲ್ಲಿ ಇನ್ನೊಂದು ಸಂಸ್ಥೆಯವರು ಕುಳಿತಿರುವಾಗ, ಮರೆಯುವುದು ಕಷ್ಟ.

ಈ ಕಾಲದ ಸುಧಾರಣೆಗಳಲ್ಲಿ ಸಾಮಾನ್ಯ ಗೃಹಸ್ಥನನ್ನು ನೇರವಾಗಿ ಮುಟ್ಟಿದುದು 2000ದಲ್ಲಿ ಜಾರಿಗೆ ಬಂದ ಸ್ವಯಂಘೋಷಿತ ಆಸ್ತಿ ತೆರಿಗೆ. ಅದುವರೆಗೆ ಅಧಿಕಾರಿಗಳು ಮನೆಗೆ ಇಷ್ಟು ಬಾಡಿಗೆ ಬರಬಹುದೆಂದು ಅಂದಾಜು ಮಾಡಿ ತೆರಿಗೆಯನ್ನು ಗೊತ್ತುಪಡಿಸುತ್ತಿದ್ದರು. ಅಂದಾಜು ಇರುವೆಡೆಯಲ್ಲಿ ಚೌಕಾಸಿಯೂ ಇರುತ್ತದೆ. ಚೌಕಾಸಿಯ ಹಿಂದೆ ಇನ್ನೇನು ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಪದ್ಧತಿಯಲ್ಲಿ ನಗರವನ್ನು ವಲಯಗಳಾಗಿ ವಿಂಗಡಿಸಿ, ಚದರಡಿಗೆ ಇಷ್ಟು ಎಂದು ದರವನ್ನು ಮುಂಚಿತವಾಗಿ ಪ್ರಕಟಿಸಿದರು. ಮನೆಯ ಒಡೆಯನೇ ತನ್ನ ಮನೆಯನ್ನು ಅಳೆದು, ಲೆಕ್ಕ ಹಾಕಿ, ಹಣ ಕಟ್ಟಬೇಕು. ನಾನೂ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ನಡೆದೆ. ಇನ್ನೊಂದು ತುದಿಯನ್ನು ಹಿಡಿದುಕೊಂಡವಳು ನನ್ನ ಮಗಳು. ಹಿತ್ತಿಲಿನಲ್ಲಿ ತಗಡು ಹೊದಿಸಿದ ಒಂದು ಸಣ್ಣ ಕೋಣೆಯಿತ್ತು. ಬೀದಿಯಿಂದ ಅದು ಯಾರಿಗೂ ಕಾಣದು. ಅದನ್ನು ಸೇರಿಸುವುದೋ ಬಿಡುವುದೋ ಎಂದು ನಾನು ಯೋಚಿಸುತ್ತ ನಿಂತಾಗ ಮಗಳು, ‘ಇದು ನಮ್ಮ ಮನೆಯಲ್ಲವೇ, ಅಪ್ಪಾ?’ ಎಂದು ಕೇಳಿದಳು. ಅದನ್ನೂ ಅಳೆದೆವು. ನನ್ನಂತೆ ಅಳೆದವರು ಬಹಳ ಮಂದಿ ಇದ್ದಿರಬೇಕು. ಪಾಲಿಕೆಯ ತೆರಿಗೆಯ ವರಮಾನ ಗಣನೀಯವಾಗಿ ಏರಿತು.

ಪ್ರಜೆ ತನ್ನ ಲೆಕ್ಕವನ್ನು ಒಪ್ಪಿಸಿದ ಮೇಲೆ ಪಾಲಿಕೆಯ ಲೆಕ್ಕವನ್ನು ಕೇಳುವುದು ನ್ಯಾಯವಷ್ಟೆ. ಹಳೆಯ ಏಕನಮೂದು ಪುಸ್ತಕಗಳ ಬದಲು ಜಮೆ-ಖರ್ಚುಗಳನ್ನೂ ಆಸ್ತಿ-ಸಾಲಗಳನ್ನೂ ಸ್ಪಷ್ಟವಾಗಿ ತೋರಿಸುವ ದ್ವಿನಮೂದು ಪದ್ಧತಿಯನ್ನು ಪಾಲಿಕೆಯಲ್ಲಿ ಆರಂಭಿಸಲಾಯಿತು. 2002ರಲ್ಲಿ ಕೆಲವು ನಾಗರಿಕ ಸಂಘಟನೆಗಳು ‘ಪ್ರೂಫ್’ ಎಂಬ ಆಂದೋಲನದ ಮೂಲಕ ಮೂರು ತಿಂಗಳಿಗೊಮ್ಮೆ ಆ ಲೆಕ್ಕವನ್ನು ಸಾರ್ವಜನಿಕ ಚರ್ಚೆಗೆ ತಂದವು. 2003ರ ಮೂರನೆಯ ಅಂಕಪಟ್ಟಿಯಲ್ಲಿ ಸಂಸ್ಥೆಗಳು ಮೊದಲಿಗಿಂತ ಬಹಳ ಮೇಲಕ್ಕೆ ಬಂದಿದ್ದವು.

ಹೀಗೆಂದ ಮಾತ್ರಕ್ಕೆ ಕಾರ್ಯಪಡೆ ನಿರ್ದೋಷವಾಗಿತ್ತೆಂದು ತಿಳಿಯಬಾರದು. ಅದರ ಸದಸ್ಯರನ್ನು ಜನರು ಚುನಾಯಿಸಿರಲಿಲ್ಲ, ಸರ್ಕಾರ ನೇಮಿಸಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತವನ್ನು ಚುನಾಯಿತ ಸಭೆಯ ಕೈಗೆ ಕೊಡಬೇಕೆಂದು ಆಶಿಸಿತ್ತು. ತಮ್ಮ ವಾರ್ಡಿನ ಕೆಲಸವನ್ನು ಬೇರಾರೋ ಗೊತ್ತುಮಾಡುವುದಾದರೆ ತಾವೇಕೆ ಇರಬೇಕು ಎಂದು ಕಾರ್ಪೊರೇಟರರು ಕೇಳಿದರೆ ಅದನ್ನು ಅಸೂಯೆಯೆಂದು ತಳ್ಳಿಹಾಕುವಂತಿಲ್ಲ. ಆಸ್ತಿ ತೆರಿಗೆಯ ನಮೂನೆಯನ್ನು ತುಂಬಲು ಆಸ್ತಿಯಾದರೂ ಬೇಕು; ಕೊಳಚೆ ಪ್ರದೇಶದ ಗುಡಿಸಲಿನಲ್ಲಿ, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ನಿಂತವರ ಗುರಿಗಳು ಆ ಸಮಾವೇಶದಲ್ಲಿ ಎಷ್ಟರಮಟ್ಟಿಗೆ ಕೇಳಿಬಂದವು? ಈ ಪ್ರಶ್ನೆಯನ್ನು ಎತ್ತಿದವರು ಆಗಲೂ ಇದ್ದರು. ಅವರ ಮಾತಿನಲ್ಲಿ ಸತ್ಯವಿತ್ತೆಂದೇ ನನ್ನ ಅಭಿಪ್ರಾಯ.

ಕಾರ್ಯಪಡೆಗೆ ಕಾನೂನಿನ ಬುಡವೂ ಇರಲಿಲ್ಲ. 2004ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು; ಸಮಾವೇಶಗಳು ನಿಂತವು. ಅದನ್ನು ರದ್ದುಪಡಿಸುವ ಶ್ರಮವೂ ಯಾರಿಗೂ ಬೇಕಾಗಲಿಲ್ಲ. ತೆರಿಗೆಯ ಪದ್ಧತಿಯಾದರೋ ಹಲವು ಮಾರ್ಪಾಡುಗಳೊಡನೆ ಉಳಿದುಕೊಂಡಿತು. 2007ರಲ್ಲಿ ಸುತ್ತಲಿನ ಪುರಸಭೆಗಳೂ ಹಳ್ಳಿಗಳೂ ಸೇರಿ ಬೃಹತ್ ಮಹಾನಗರ ಪಾಲಿಕೆಯಾಯಿತು. 2020ರಲ್ಲಿ ಅದರ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳನ್ನೂ, ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನೂ ರಚಿಸಲಾಯಿತು. ನೀರು, ವಿದ್ಯುತ್ತು, ಸಾರಿಗೆ ಮೊದಲಾದ ಸಂಸ್ಥೆಗಳ ಮುಖ್ಯಸ್ಥರು ಈಗ ಕಾನೂನಿನ ಬಲದಿಂದಲೇ ಒಂದು ಮೇಜಿನ ಸುತ್ತ ಕುಳಿತುಕೊಳ್ಳಬೇಕಾಗಿದೆ. ಅಂದು ಟೇಪಿನ ತುದಿ ಹಿಡಿದಿದ್ದ ನನ್ನ ಮಗಳು ಈಗ ತನ್ನ ಮನೆಯ ತೆರಿಗೆಯನ್ನು ತಾನೇ ಲೆಕ್ಕಹಾಕಿ ಕಟ್ಟುತ್ತಾಳೆ.