ಹೊಣೆ ಮೇಲಕ್ಕೆ, ಹೆಸರು ಕೆಳಕ್ಕೆ: ಪೀಣ್ಯದ ಶೆಡ್ಡುಗಳಿಂದ ಮಾನ್ಯತಾದವರೆಗೆ

ತಂಡದ ಒತ್ತಾಸೆಗೆ ನಿಲ್ಲುವ ನಾಯಕತ್ವ ಎಂದರೆ ನಯವಾಗಿ ಮಾತಾಡುವುದು, ಹುಟ್ಟುಹಬ್ಬಕ್ಕೆ ಕೇಕ್ ತರಿಸುವುದು ಎಂಬ ತಿಳಿವಳಿಕೆ ಅನೇಕ ಕಚೇರಿಗಳಲ್ಲಿದೆ. ಆಡಳಿತಶಾಸ್ತ್ರದಲ್ಲಿ ಅದರ ಅರ್ಥ ಇದಕ್ಕಿಂತ ಗಟ್ಟಿಯಾದದ್ದು. ಕೆಲಸ ಮಾಡುವವನಿಗೆ ಮೇಲಿನವರೊಂದಿಗಿನ ಪ್ರತಿ ವ್ಯವಹಾರದಲ್ಲೂ ತನಗೊಂದು ಬೆಲೆಯಿದೆ ಎನಿಸಬೇಕು ಎಂದು ಅಮೆರಿಕದ ರೆನ್ಸಿಸ್ ಲೈಕರ್ಟ್ 1961ರಲ್ಲಿ ವಾದಿಸಿದರು. ಹತ್ತು ವರ್ಷಗಳ ನಂತರ ರಾಬರ್ಟ್ ಹೌಸ್ ಮಂಡಿಸಿದ ಸಿದ್ಧಾಂತ ಇನ್ನೊಂದು ಅಂಶ ಸೇರಿಸಿತು: ಒತ್ತಡವೋ ಬೇಸರವೋ ಹೆಚ್ಚಿರುವ ಕೆಲಸದಲ್ಲಿ ಇಂಥ ನಾಯಕತ್ವದ ಫಲ ಹೆಚ್ಚು. ಉತ್ತರ ಬೆಂಗಳೂರಿನಲ್ಲಿ ಎರಡಕ್ಕೂ ಬರವಿಲ್ಲ. ಪೀಣ್ಯದಲ್ಲಿ ದಿನವಿಡೀ ಒಂದೇ ಬಿಡಿಭಾಗವನ್ನು ಪ್ರೆಸ್ಸಿನಲ್ಲಿ ಒತ್ತುವವರಿದ್ದಾರೆ. ಹೆಬ್ಬಾಳದಾಚೆಯ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ದುಡಿಯುವವರಿದ್ದಾರೆ.

ಈ ಬಗೆಯ ನಾಯಕತ್ವದ ಒಳ್ಳೆಯ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1972ರ ಮೇ ತಿಂಗಳಲ್ಲಿ ಭಾರತದ ಉಪಗ್ರಹವೊಂದನ್ನು ತನ್ನ ರಾಕೆಟ್‌ನಲ್ಲಿ ಹಾರಿಸಿಕೊಡಲು ಸೋವಿಯತ್ ಒಕ್ಕೂಟ ಒಪ್ಪಂದ ಮಾಡಿಕೊಂಡಿತು. ಉಪಗ್ರಹ ಕಟ್ಟುವ ಹೊಣೆ ಬಿದ್ದದ್ದು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ, ಆಗ ನಲವತ್ತರ ಪ್ರಾಯದ ಯು. ಆರ್. ರಾವ್ ಅವರ ಮೇಲೆ. ಅವರಿಗೆ ಸಿಕ್ಕ ಜಾಗ ಯಶವಂತಪುರದಾಚೆ, ಪೀಣ್ಯ ಕೈಗಾರಿಕಾ ಪ್ರದೇಶದ ಕೆಲವು ಶೆಡ್ಡುಗಳು. ತಂಡದ ಬಹುಪಾಲು ಮಂದಿ ಎಳೆಯರು, ಅವರಲ್ಲಿ ಯಾರೂ ಹಿಂದೆ ಉಪಗ್ರಹ ಕಟ್ಟಿದವರಲ್ಲ. ಮೂರು ವರ್ಷ ತುಂಬುವ ಮೊದಲೇ, 1975ರ ಏಪ್ರಿಲ್ 19ರಂದು, ಸುಮಾರು 360 ಕಿಲೋ ತೂಕದ ‘ಆರ್ಯಭಟ’ ಕಕ್ಷೆ ಸೇರಿತು.

ಜಾಗ ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕರಿಸುವ ಕೋಣೆ ಮಾಡಿಕೊಂಡ ಸಂಗತಿಯನ್ನು ಸಾಮಾನ್ಯವಾಗಿ ಬಡತನದ ಕತೆಯಾಗಿ ಹೇಳುತ್ತಾರೆ. ಅದನ್ನು ಬೇರೆ ರೀತಿಯಲ್ಲೂ ಓದಬಹುದು. ಅಂಥದ್ದೊಂದು ಸಲಹೆಯನ್ನು ನಗೆಪಾಟಲು ಮಾಡದೆ, ಕಡತ ಹತ್ತು ಮೇಜು ಸುತ್ತುವವರೆಗೆ ಕಾಯಿಸದೆ ಒಪ್ಪಿಕೊಳ್ಳುವವರು ಅಲ್ಲಿದ್ದರು. ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳಿಗೆ ವಿದ್ಯುತ್ ಪೂರೈಕೆ ಕೆಟ್ಟಿತು. ಪ್ರಯೋಗಗಳು ನಿಂತವು, ಆದರೆ ತಂಡ ಚದುರಲಿಲ್ಲ. ಉಳಿದ ವ್ಯವಸ್ಥೆಗಳನ್ನು ಬಳಸಿ ಸಂಪರ್ಕದ ಪ್ರಯೋಗಗಳು ಮುಂದುವರಿದವು. ಪೀಣ್ಯದಲ್ಲಿ ಬೆಳೆದ ಅದೇ ಬಳಗ 1979ರಲ್ಲಿ ‘ಭಾಸ್ಕರ’ವನ್ನು ಕಟ್ಟಿಕೊಟ್ಟಿತು.

ರಾವ್ ಅವರ ಬೆನ್ನ ಹಿಂದೆ ಇದ್ದವರು ಸತೀಶ್ ಧವನ್. 1962ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಅವರು, 1972ರಲ್ಲಿ ಇಸ್ರೊ ವಹಿಸಿಕೊಳ್ಳುವಾಗ ಆ ಹುದ್ದೆ ಬಿಡುವುದಿಲ್ಲ, ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಷರತ್ತು ಹಾಕಿದರು. ಧವನ್ ಅವರನ್ನು ಕುರಿತು ಹೆಚ್ಚು ಪ್ರಚಾರ ಪಡೆದ ಪ್ರಸಂಗ 1979ರ ಆಗಸ್ಟ್ 10ರದು. ಎಸ್‌ಎಲ್‌ವಿ–3 ರಾಕೆಟ್ ಹಾರಲು ಕೆಲವೇ ನಿಮಿಷಗಳಿದ್ದಾಗ ಕಂಪ್ಯೂಟರ್ ತಡೆ ಒಡ್ಡಿತು. ಲೆಕ್ಕ ಹಾಕಿ ನೋಡಿದ ತಜ್ಞರು ಮುಂದುವರಿಯಬಹುದು ಎಂದರು. ಯೋಜನೆಯ ಹೊಣೆ ಹೊತ್ತಿದ್ದ ಅಬ್ದುಲ್ ಕಲಾಂ ತಡೆಯನ್ನು ಬದಿಗಿಟ್ಟು ಹಾರಿಸಲು ಒಪ್ಪಿದರು. ಎರಡನೇ ಹಂತದಲ್ಲಿ ಹತೋಟಿ ತಪ್ಪಿ ರಾಕೆಟ್ ಬಂಗಾಳ ಕೊಲ್ಲಿ ಸೇರಿತು. ಪತ್ರಕರ್ತರ ಮುಂದೆ ಕುಳಿತ ಧವನ್ ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್‌ನಲ್ಲಿ ‘ರೋಹಿಣಿ’ ಉಪಗ್ರಹ ಕಕ್ಷೆ ಸೇರಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಮುಂದೆ ಸಭೆಯಿಂದ ಸಭೆಗೆ ಹೇಳುತ್ತ ಹೋದರು.

ಈ ಕತೆ ಹೇಳುವವರು ಸಾಮಾನ್ಯವಾಗಿ ಪತ್ರಿಕಾಗೋಷ್ಠಿಗೇ ನಿಂತುಬಿಡುತ್ತಾರೆ. ಎರಡು ಉಡಾವಣೆಗಳ ನಡುವಿನ ಹನ್ನೊಂದು ತಿಂಗಳೇ ಹೆಚ್ಚು ಮುಖ್ಯ. ವೈಫಲ್ಯದ ಪರಿಶೀಲನೆ ಕೂಲಂಕಷವಾಗಿ ನಡೆಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಕವಾಟ ಕೆಟ್ಟು ಆಮ್ಲ ಸೋರಿಹೋದದ್ದು ಕಾರಣ ಎಂದು ತಿಳಿಯಿತು. ತಪ್ಪು ಎಲ್ಲಿ ಆಯಿತು ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ಯೋಜನೆಯ ಚುಕ್ಕಾಣಿ ಮಾತ್ರ ಕಲಾಂ ಕೈಯಲ್ಲೇ ಉಳಿಯಿತು. ಹೊರಗಿನವರ ಮುಂದೆ ರಕ್ಷಣೆ, ಒಳಗೆ ಕಟ್ಟುನಿಟ್ಟಿನ ವಿಚಾರಣೆ: ಎರಡೂ ಒಟ್ಟಿಗೆ ಇದ್ದವು. ಮೊದಲನೆಯದು ಮಾತ್ರ ಇದ್ದಿದ್ದರೆ ಅದು ಬರೀ ಮುಲಾಜು. ಎರಡನೆಯದು ಮಾತ್ರ ಇದ್ದಿದ್ದರೆ ಮುಂದಿನ ಸಲ ಕವಾಟದ ಬಗ್ಗೆ ಅನುಮಾನ ಬಂದವನು ಬಾಯಿ ಬಿಡುತ್ತಿರಲಿಲ್ಲ.

ಬಾಯಿ ಬಿಡುವ ಧೈರ್ಯವನ್ನು ಸಂಶೋಧನೆಯ ವಿಷಯವಾಗಿಸಿದವರು ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅವರು ಲೆಕ್ಕ ಹಾಕಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ಕಂಡವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎನ್ನುವುದಕ್ಕಿಂತ ಆದ ತಪ್ಪನ್ನು ಹೇಳಿಕೊಳ್ಳುತ್ತಿದ್ದವು ಎಂಬುದು ಆಮೇಲೆ ಸ್ಪಷ್ಟವಾಯಿತು. ಇದನ್ನು ಮುಂದುವರಿಸಿ 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ‘ಮಾನಸಿಕ ಸುರಕ್ಷತೆ’ ಎಂಬ ಪರಿಕಲ್ಪನೆಯನ್ನು ಕೆಲಸದ ತಂಡಗಳ ಅಧ್ಯಯನದಲ್ಲಿ ನೆಲೆಗೊಳಿಸಿತು.

ಪೀಣ್ಯದ ಸಣ್ಣ ಕಾರ್ಖಾನೆಯ ಉದಾಹರಣೆ ನೋಡಬಹುದು. ಡೈ, ಅಂದರೆ ಅಚ್ಚು, ಸವೆದು ಬಿಡಿಭಾಗದ ಅಂಚಿನಲ್ಲಿ ಬರ್ (ಚೂಪಾದ ಲೋಹದ ಸಿಬಿರು) ಏಳತೊಡಗಿದ್ದು ಮೊದಲು ಗೊತ್ತಾಗುವುದು ಪ್ರೆಸ್ ನಡೆಸುವವನ ಬೆರಳಿಗೆ. ರಿಜೆಕ್ಷನ್ ಬಂದರೆ ಸಂಬಳ ಮುರಿಯುವ, ಎಲ್ಲರೆದುರು ಬೈಯುವ ಸೂಪರ್‌ವೈಸರ್ ಇದ್ದರೆ ಆ ಪೀಸುಗಳು ಟ್ರೇಯ ತಳ ಸೇರುತ್ತವೆ, ಮೇಲೊಂದು ಪದರ ಒಳ್ಳೆಯವು. ವಾರದ ನಂತರ ಇಡೀ ಲಾಟ್ ವಾಪಸ್ಸು ಬರುತ್ತದೆ. ಮಷೀನ್ ನಿಲ್ಲಿಸಿ ಕರೆದವನಿಗೆ ‘ಒಳ್ಳೇದಾಯ್ತು ಹೇಳಿದ್ದು, ಡೈ ಬಿಚ್ಚೋಣ’ ಎನ್ನುವ ಸೂಪರ್‌ವೈಸರ್ ಆ ಹೊತ್ತಿಗೆ ಅರ್ಧ ಗಂಟೆ ಕಳೆದುಕೊಳ್ಳುತ್ತಾನೆ, ಲಾಟ್ ಉಳಿಸಿಕೊಳ್ಳುತ್ತಾನೆ.

ಸಾಫ್ಟ್‌ವೇರ್ ಕಚೇರಿಯಲ್ಲಿ ಟ್ರೇಯ ಜಾಗದಲ್ಲಿ ಸ್ಟೇಟಸ್ ರಿಪೋರ್ಟ್ ಇರುತ್ತದೆ, ಅಷ್ಟೇ ವ್ಯತ್ಯಾಸ. ‘ಏನೇನು ಮುಗಿಯಿತು?’ ಎಂದಷ್ಟೇ ಕೇಳುವ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲವೂ ಮುಗಿದೇ ಇರುತ್ತದೆ. ‘ಎಲ್ಲಿ ಸಿಕ್ಕಿಕೊಂಡಿದೆ, ಯಾರ ಹತ್ತಿರ ನಾನು ಮಾತಾಡಬೇಕು?’ ಎಂದು ಕೇಳಿ, ಕೇಳಿದ ಮೇಲೆ ನಿಜಕ್ಕೂ ಮಾತಾಡಿ ಬರುವ ಟೀಮ್ ಲೀಡ್‌ಗೆ ಮಾತ್ರ ಮರುದಿನ ನಿಜ ಸಂಗತಿ ತಿಳಿಯುತ್ತದೆ. ಭಾಷೆಯೂ ಇಲ್ಲಿ ಸಣ್ಣ ವಿಷಯವಲ್ಲ. ಕನ್ನಡ, ತೆಲುಗು, ತಮಿಳು, ಹಿಂದಿ ಬೆರೆತ ತಂಡದಲ್ಲಿ ಊಟದ ಮೇಜಿನ ಮಾತು ಒಬ್ಬರಿಗೆ ಅರ್ಥವಾಗದ ಕಡೆಗೆ ಹರಿದರೆ, ಆ ಒಬ್ಬರು ಮಧ್ಯಾಹ್ನದ ಚರ್ಚೆಯಲ್ಲೂ ಮೂಲೆ ಹಿಡಿಯುತ್ತಾರೆ. ರಾತ್ರಿ ಪಾಳಿಯ ಮಹಿಳೆಯರಿಗೆ ವಾಹನ ಕೊಡುವುದು ನಿಯಮದ ಮಾತಾಯಿತು; ಕ್ಯಾಬ್ ಹೊರಡುವ ಹೊತ್ತಿಗೆ ಸರಿಯಾಗಿ ಸಭೆ ಮುಗಿಸುವುದು ಲೀಡ್‌ನ ಕೈಯಲ್ಲಿರುವ ಮಾತು.

ಆದರೆ ಎಲ್ಲವೂ ಲೀಡ್‌ನ ಒಳ್ಳೆಯತನಕ್ಕೆ ಬಿಟ್ಟದ್ದಲ್ಲ. ಧವನ್ ತಂಡಕ್ಕೆ ಗುರಾಣಿಯಾಗಬಲ್ಲವರಾಗಿದ್ದರು, ಏಕೆಂದರೆ 1972ರಲ್ಲೇ ಬಾಹ್ಯಾಕಾಶ ಆಯೋಗವೂ ಇಲಾಖೆಯೂ ರೂಪುಗೊಂಡು, ಅವರು ನೇರವಾಗಿ ಪ್ರಧಾನಿಗೆ ಉತ್ತರ ಹೇಳುವ ಏರ್ಪಾಟಿತ್ತು. ಮಧ್ಯಮ ಹಂತದ ಮ್ಯಾನೇಜರಿಗೆ ಅಂಥ ಬಲವಿಲ್ಲ. ಗಡುವು ಗ್ರಾಹಕನದು, ಬಜೆಟ್ ಬೇರೆ ದೇಶದ ಕೇಂದ್ರ ಕಚೇರಿಯದು. ಅಪ್ರೈಸಲ್‌ನಲ್ಲಿ ಇಂತಿಷ್ಟು ಮಂದಿಗೆ ಕಡಿಮೆ ರೇಟಿಂಗ್ ಕೊಡಲೇಬೇಕೆಂಬ ಬೆಲ್ ಕರ್ವ್ ಇರುವ ಕಡೆ, ಪಕ್ಕದವನಿಗೆ ನೆರವಾಗುವುದೇ ನಷ್ಟದ ಬಾಬತ್ತಾಗುತ್ತದೆ. ಅಲ್ಲಿ ಎಷ್ಟು ಒಳ್ಳೆಯ ಲೀಡ್ ಬಂದರೂ ತಂಡದೊಳಗಿನ ಪೈಪೋಟಿ ತಣಿಯುವುದಿಲ್ಲ. ಆ ನಿಯಮವನ್ನು ಬದಲಿಸಬೇಕಾದವರು ಮೇಲಿನವರು. ಅವರು ಬದಲಿಸುವವರೆಗೆ ಲೀಡ್‌ನ ಪಾಲಿಗೆ ಉಳಿಯುವುದು ಕೆಲವೇ ಅಧಿಕಾರಗಳು: ಗ್ರಾಹಕನಿಗೆ ಹೋಗುವ ಮೇಲ್‌ನಲ್ಲಿ ಕೆಲಸ ಮಾಡಿದವರ ಹೆಸರು ಹಾಕುವುದು, ಕೇಳಿದ ರಜೆ ತಡಮಾಡದೆ ಮಂಜೂರು ಮಾಡುವುದು, ದೂರಿನ ಕರೆ ಬಂದಾಗ ಫೋನನ್ನು ತಾನೇ ಎತ್ತುವುದು.