ಕಾಲೇಜಿನ ದನಿ ಹಳ್ಳಿಗೆ ಮುಟ್ಟಲಿ

ಪಿ.ಯು.ಸಿ. ಫಲಿತಾಂಶ ಬಂದದ್ದೇ ತಡ, ಶಿವಮೊಗ್ಗದ ಕೋಟೆಯಿಂದ ಭದ್ರಾವತಿಯವರೆಗೂ ಕಾಲೇಜುಗಳ ಜಾಹೀರಾತಿನ ಭರಾಟೆ. ಇದರ ನಡುವೆ ವಿಶ್ವವಿದ್ಯಾಲಯದ್ದೇ ಆದ ಕಾಲೇಜು ತನ್ನ ಮಾತನ್ನು ಜನರಿಗೆ ಮುಟ್ಟಿಸುವುದು ಹೇಗೆ?

ನಮ್ಮ ಸಹ್ಯಾದ್ರಿ ಕಾಲೇಜನ್ನೇ ನೋಡಿ. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದ ಇದು ಮುಂದೆ ಕಲೆ, ವಿಜ್ಞಾನ, ವಾಣಿಜ್ಯ ಎಂದು ಕವಲೊಡೆಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮುನ್ನ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು.

ಆ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿತು. ಅವನ್ನು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಕೊಟ್ಟಿತು. ಅದರ ಹೆಸರೇ ಪ್ರಚಾರೋಪನ್ಯಾಸ ಮಾಲೆ! ಅಲ್ಲಿ ಪ್ರಚಾರವೆಂದರೆ ವಿದ್ಯೆಯನ್ನು ಹಂಚುವುದು.

ಗಾಜಿನ ಜಾಡಿಯಿಂದ ಗಾಳಿ ತೆಗೆದುಬಿಟ್ಟರೆ ಒಳಗಿನ ಗಂಟೆ ಬಾರಿಸುತ್ತಲೇ ಇದ್ದರೂ ಹೊರಗೆ ಕೇಳಿಸದು. ಶಬ್ದಕ್ಕೆ ಮಾಧ್ಯಮ ಬೇಕು. ಕಾಲೇಜಿನ ಪ್ರಚಾರ ವಿಭಾಗ ಅಂಥ ಮಾಧ್ಯಮ. ಯಾವ ಕೋರ್ಸಿದೆ, ಶುಲ್ಕವೆಷ್ಟು, ವಿದ್ಯಾರ್ಥಿವೇತನಕ್ಕೆ ಅರ್ಜಿ ಯಾವಾಗ, ಹಾಸ್ಟೆಲ್ ಸಿಕ್ಕೀತೇ? ಇಷ್ಟನ್ನು ಸರಳ ಕನ್ನಡದಲ್ಲಿ ಮುದ್ರಿಸಿ, ಪ್ರವೇಶ ಶುರುವಾಗುವ ಮೊದಲೇ ಹಳ್ಳಿಯ ಪದವಿಪೂರ್ವ ಕಾಲೇಜುಗಳಿಗೆ ತಲುಪಿಸುವುದು ಅದರ ಮೊದಲ ಕೆಲಸವಾಗಬೇಕು. ಕೂಲಿಕಾರರ ಮಗಳೊಬ್ಬಳು ‘ಪದವಿ ನಮಗೆಟುಕದು’ ಎಂದು ಓದು ನಿಲ್ಲಿಸಲು ಹಣವಿಲ್ಲದಿರುವುದೊಂದೇ ಕಾರಣವಲ್ಲ, ಹೇಳುವವರಿಲ್ಲದಿರುವುದೂ ಕಾರಣ.