ಬೋರ್‌ವೆಲ್ ನೀರಲ್ಲಿ ಗಿಡ ಬೆಳೆಯದೇ?

ಅಕ್ವೇರಿಯಂನಲ್ಲಿ ಗಿಡ ಸೊರಗಿದರೆ ಮೊದಲ ಆರೋಪ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರಲ್ಲಿ ಇಂಗಾಲದ ಡೈಆಕ್ಸೈಡ್ ನಿಲ್ಲುವುದಿಲ್ಲ ಎಂಬ ಮಾತನ್ನು ಹವ್ಯಾಸಿಗಳು ನಂಬಿಬಿಟ್ಟಿದ್ದಾರೆ. ಅದು ನಿಜವಲ್ಲ. ಗಡಸಾಗಲಿ ಮೆದುವಾಗಲಿ, ಗಾಳಿಗೆ ತೆರೆದಿಟ್ಟ ನೀರಲ್ಲಿ ಕೊನೆಗೆ ಉಳಿಯುವ ಈ ಅನಿಲ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಅಷ್ಟೇ. ಬೇರೆಯಾಗುವುದು ಪಿಎಚ್. ಗಾಳಿಗಿಂತ ನೀರಲ್ಲಿ ಈ ಅನಿಲ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುವುದರಿಂದ ಗಿಡಕ್ಕೆ ಆ ಅರ್ಧವೂ ಸಲೀಸಾಗಿ ದಕ್ಕದು. ಈ ಅನಿಲದ ಸಿಲಿಂಡರ್ ಇಟ್ಟವರು ಅದನ್ನು 20–30 ಮಿಲಿಗ್ರಾಂಗೆ ಏರಿಸುವುದು ಇದಕ್ಕೇ.

ಗಡಸುತನಕ್ಕೆ ಎರಡು ಲೆಕ್ಕಗಳಿವೆ. ಸೋಪಿನ ನೊರೆ ಕೆಡಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು ಜಿಎಚ್, ಬೈಕಾರ್ಬೊನೇಟಿನದು ಕೆಎಚ್. ನಮಗೆ ಇಲ್ಲಿ ಬೇಕಾದದ್ದು ಎರಡನೆಯದು. ಕರಗಿದ ಅನಿಲ ನೀರನ್ನು ಆಮ್ಲೀಯವಾಗಿಸುತ್ತದೆ, ಬೈಕಾರ್ಬೊನೇಟ್ ಅದನ್ನು ತಡೆಯುತ್ತದೆ. ಹಾಗಾಗಿ ಕೆಎಚ್ ಮತ್ತು ಪಿಎಚ್ ಗೊತ್ತಿದ್ದರೆ ಅನಿಲದ ಪ್ರಮಾಣವನ್ನು ಒಂದು ಕೋಷ್ಟಕದಿಂದ ಲೆಕ್ಕ ಹಾಕಬಹುದು. ಕೆಎಚ್ 4 ಡಿಗ್ರಿ, ಪಿಎಚ್ 6.6 ಇದ್ದರೆ ಲೀಟರಿಗೆ 30 ಮಿಲಿಗ್ರಾಂ. ಕೆಎಚ್ 8 ಆದರೆ ಅದೇ 30 ಮಿಲಿಗ್ರಾಂಗೆ ಪಿಎಚ್ 6.9 ತೋರಿಸುತ್ತದೆ. ಗಿಡದ ಪಾಲಿಗೆ ಎರಡೂ ಒಂದೇ.

ಆದರೆ ತೊಟ್ಟಿಯ ನೀರನ್ನೇ ಅಳೆದು ಈ ಕೋಷ್ಟಕ ನೋಡುವವರು ಮೋಸಹೋಗುತ್ತಾರೆ. ಅಲಂಕಾರಕ್ಕಿಟ್ಟ ಮರದ ಕೊರಡು ಬಿಡುವ ಆಮ್ಲಗಳೂ ಪಿಎಚ್ ಇಳಿಸುತ್ತವೆ. ಕೋಷ್ಟಕ ಅದನ್ನೂ ಅನಿಲವೆಂದೇ ಎಣಿಸುತ್ತದೆ. ಡ್ರಾಪ್ ಚೆಕರ್ ಎಂಬ ಪುಟ್ಟ ಗಾಜಿನ ಬುರುಡೆ ಇದನ್ನು ಜಾಣತನದಿಂದ ತಪ್ಪಿಸುತ್ತದೆ. ಅದರೊಳಗೆ ತೊಟ್ಟಿಯ ನೀರಿರುವುದಿಲ್ಲ. ಬಟ್ಟಿ ಇಳಿಸಿದ ನೀರಿಗೆ ಅಡುಗೆ ಸೋಡಾ ಬೆರೆಸಿ ಕೆಎಚ್ 4ಕ್ಕೆ ತಂದ ದ್ರಾವಣ, ಜೊತೆಗೆ ಬ್ರೋಮೋಥೈಮಾಲ್ ಬ್ಲೂ ಬಣ್ಣದ ಕೆಲವು ಹನಿ. ಬಾಯಿ ಕೆಳಗಾಗಿ ಮುಳುಗಿಸಿದರೆ ನಡುವೆ ಗಾಳಿಯ ಪದರ ಸಿಕ್ಕಿಕೊಳ್ಳುತ್ತದೆ. ಆ ಪದರವನ್ನು ಅನಿಲ ದಾಟಬಲ್ಲದು, ಕೊರಡಿನ ಆಮ್ಲ ದಾಟಲಾರದು. ನೀಲಿ ಕಂಡರೆ ಅನಿಲ ಸಾಲದು, ಹಸಿರಾದರೆ ಸರಿ, ಹಳದಿಗೆ ತಿರುಗಿದರೆ ಮೀನು ಮೇಲೆ ಬಂದು ಬಾಯಿ ಬಿಡತೊಡಗುವ ಮೊದಲೇ ಅನಿಲ ತಗ್ಗಿಸಬೇಕು. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುವುದರಿಂದ ಹಳದಿ ಕಂಡಾಗ ತಡವಾಗಿರಲೂಬಹುದು.

ಸಿಲಿಂಡರ್ ಇಲ್ಲದವರಿಗೆ ಗಡಸು ನೀರೇ ಒಂದು ಅನುಕೂಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳು ಅನಿಲ ಸಾಲದಿದ್ದಾಗ ಬೈಕಾರ್ಬೊನೇಟಿನಿಂದಲೇ ಇಂಗಾಲ ಕೀಳುತ್ತವೆ. ಎಲೆಯ ಮೇಲೆ ಕೂರುವ ಬಿಳಿ ಸುಣ್ಣದ ಪೊರೆ ಅದರ ಗುರುತು. ಜಾವಾ ಮಾಸ್‌ನಂಥ ಹಾವಸೆಗಳಿಗೆ ಸಾಮಾನ್ಯವಾಗಿ ಈ ವಿದ್ಯೆ ಒಲಿದಿಲ್ಲ. ಬರೀ ಬೋರ್‌ವೆಲ್ ನೀರಿನ ತೊಟ್ಟಿಗೆ ನಾನಾದರೆ ವ್ಯಾಲಿಸ್ನೇರಿಯಾವನ್ನೇ ಕೊಂಡು ತರುವೆ.